ಭವ್ಯಳ ತಾಂಬೂಲಕ್ಕೆ ಮುಂಚೆ ಒಂದು ರಕ್ತಪರೀಕ್ಷೆ

ಪಾಪಿನಾಯಕನಹಳ್ಳಿ
ಜೂನ್ 10, ಮಂಗಳವಾರ

ಪ್ರೀತಿಯ ತಮ್ಮ ಪರಶುರಾಮನಿಗೆ,

ಹೇಗಿದ್ದೀಯೋ? ಕುರೆಕುಪ್ಪದ ಧೂಳಿಗೆ ಮತ್ತೆ ಕೆಮ್ಮು ಶುರುವಾಯಿತಂತೆ. ಅವ್ವನ ಮಂಡಿನೋವು ಕಡಿಮೆಯಾಯಿತೇ? ಫೋನಿನಲ್ಲಿ ಕೇಳೋಣವೆಂದರೆ ಅವಳು ಸ್ಪೀಕರ್ ಹಾಕಿಸಿಕೊಂಡು ನಿನ್ನ ಪಕ್ಕದಲ್ಲೇ ಕೂತಿರುತ್ತಾಳೆ. ವಾಟ್ಸಾಪಿನಲ್ಲಿ ಬರೆದರೆ ನೀನು ಎರಡು ಸಾಲು ಓದಿ ಹೆಬ್ಬೆರಳು ಒತ್ತಿ ಸುಮ್ಮನಾಗುವ ಮಹಾರಾಯ. ಅದಕ್ಕೇ ಈ ಕಾಗದ. ನಿನ್ನ ಪಾಳಿಯ ಅಂಜಿನಯ್ಯನ ಕೈಗೆ ಕೊಡುತ್ತಿದ್ದೇನೆ. ಪ್ಲಾಂಟಿನಲ್ಲೇ ಓದಿಕೊ, ಮನೆಗೆ ಒಯ್ಯಬೇಡ.

ನಮ್ಮ ಹುಲುಗೇಶನ ಮೊಣಕಾಲು ಮತ್ತೆ ಊದಿಕೊಂಡಿತ್ತು. ಹುಟ್ಟಿದ ವಾರಕ್ಕೇ ಹೊಕ್ಕುಳಿಂದ ರಕ್ತ ನಿಲ್ಲದೆ ಸೋರಿದ ಮಗು. ಹನ್ನೊಂದು ವರ್ಷ ನಾವು ದೃಷ್ಟಿ ತೆಗೆದದ್ದೇ ತೆಗೆದದ್ದು. ಈ ಸಲ ಹೊಸಪೇಟೆಯ ಡಾಕ್ಟರಮ್ಮ ಮನೆಮಂದಿಯ ರಕ್ತವನ್ನೆಲ್ಲ ಬೆಂಗಳೂರಿಗೆ ಕಳಿಸಿದರು. ರಕ್ತ ಹೆಪ್ಪುಗಟ್ಟಲು ಹತ್ತನೇ ಫ್ಯಾಕ್ಟರ್ ಅಂತ ಒಂದು ಪ್ರೋಟೀನು ಬೇಕಂತೆ. ಅದನ್ನು ಮಾಡಿಸುವ ಜೀನು ಅಪ್ಪನಿಂದ ಒಂದು, ಅವ್ವನಿಂದ ಒಂದು ಬರುತ್ತದಂತೆ. ನನ್ನ ಎರಡರಲ್ಲಿ ಒಂದು ಕೆಟ್ಟಿದೆ, ಹಾಗಾಗಿ ಪ್ರೋಟೀನು ಅರ್ಧ. ನನ್ನ ಗಂಡನದೂ ಅರ್ಧ. ಅರ್ಧವಿದ್ದರೂ ನಮಗೇನೂ ತೊಂದರೆಯಾಗಲಿಲ್ಲ, ನಾನು ಎರಡು ಹೆರಿಗೆ ದಾಟಿದೆ. ಹುಲುಗೇಶನಿಗೆ ಮಾತ್ರ ಎರಡೂ ಕಡೆಯಿಂದ ಕೆಟ್ಟದ್ದೇ ಬಂದು, ನೂರಕ್ಕೆ ಒಂದೂ ಇಲ್ಲ. ಅವನಕ್ಕ ಭವ್ಯಳ ರಿಪೋರ್ಟು ಇನ್ನೂ ಬರಬೇಕು.

"ಸಂಬಂಧದಾಗ ಮದುವಿ ಆಗೀರೇನ್ರಿ?" ಎಂದು ಡಾಕ್ಟರಮ್ಮ ಕೇಳಿದರು. ಸೋದರಮಾವನನ್ನೇ ಕಟ್ಟಿಕೊಂಡವಳು ನಾನು, ಏನು ಹೇಳಲಿ! ಅವ್ವನ ತಮ್ಮನಲ್ಲಿದ್ದದ್ದು ಅವ್ವನಲ್ಲೂ ಇದ್ದಿರಬೇಕು, ಅವಳಿಂದ ನನಗೆ ಬಂದಿರಬೇಕು. ನಿನಗೂ ಬಂದಿರಬಹುದು, ಬರದೆಯೂ ಇರಬಹುದು.

ಈಗ ನೋಡಿದರೆ ಇಪ್ಪತ್ತಕ್ಕೆ ನಿನಗೂ ನನ್ನ ಮಗಳು ಭವ್ಯಳಿಗೂ ತಾಂಬೂಲ. ಆಷಾಢ ಬರುವುದರೊಳಗೆ ಮುಗಿಯಲೇಬೇಕೆಂದು ಅವ್ವ ಹಟ ಹಿಡಿದಿದ್ದಾಳೆ. "ಭವ್ಯಾನ್ನ ಹೊರಗ ಕೊಟ್ಟಿ ಅಂದ್ರ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ ನಾನು" ಅಂದುಬಿಟ್ಟಿದ್ದಾಳೆ. ನೀವಿಬ್ಬರೂ ಮನಸಾರೆ ಒಪ್ಪಿದ್ದೀರಿ. ನಿನ್ನ ಹೆಸರೆತ್ತಿದರೆ ಅವಳು ಒಳಗೆ ಓಡುತ್ತಾಳೆ. ನನಗೂ ನಿನಗಿಂತ ಒಳ್ಳೆಯ ಅಳಿಯ ಬೇಕಿರಲಿಲ್ಲ. ಆದರೆ ಪರಸ್ಯಾ, ನನಗೆ ಭಯವಾಗಿದೆ. ಇಬ್ಬರದೂ ಅರ್ಧವಾದರೆ, ಪ್ರತಿ ಬಸಿರಿನಲ್ಲೂ ಮಗು ಹುಲುಗೇಶನ ಹಾಗೆ ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವನ ಹಲ್ಲು ಬಿದ್ದಾಗ ಮೂರು ದಿನ ಅವನ ಬಾಯಿಗೆ ಹತ್ತಿ ಒತ್ತಿಕೊಂಡು ಕೂತವಳು ನಾನು. ಭವ್ಯ ಹಾಗೆ ಕೂರುವುದನ್ನು ನೋಡಲಾರೆ.

ಗುರುವಾರ ನಿನಗೆ ರಜೆಯಲ್ಲವೇ, ಬೆಳಿಗ್ಗೆ ಹೊಸಪೇಟೆ ಬಸ್‌ಸ್ಟ್ಯಾಂಡಿಗೆ ಬಾ, ಕಾಯುತ್ತಿರುತ್ತೇನೆ. ಬರೀ ಒಂದು ಸಿರಿಂಜು ರಕ್ತ. ನಾಲ್ಕು ದಿನಕ್ಕೆ ರಿಪೋರ್ಟು ಬರುತ್ತದೆ. ಅವ್ವನಿಗೆ ಏನಾದರೂ ನೆಪ ಹೇಳು, ಆಮೇಲಿನ ಜಗಳ ನನಗಿರಲಿ.

ಹುಲಿಗೆಮ್ಮ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ದುರ್ಗಮ್ಮ

ತಾ.ಕ.: ಕಾಗದ ಮಡಿಚುವಷ್ಟರಲ್ಲಿ ಭವ್ಯಳ ರಿಪೋರ್ಟು ಫೋನಿಗೆ ಬಂತು. ಅವಳದೂ ಅರ್ಧ. ಈಗ ಎಲ್ಲ ನಿನ್ನ ರಕ್ತದ ಮೇಲೆ ನಿಂತಿದೆ. ಓದಿದವಳು ಅಳಲಿಲ್ಲ, ನಿನಗೆ ಇಷ್ಟು ಬರೆ ಅಂದಳು: "ಮಾಮಂದೂ ಅರ್ಧ ಬಂದ್ರ ತಾಂಬೂಲ ತರಬ್ಯಾಡ ಅನ್ನವ್ವಾ. ಮನಿಗಿ ಬರಾದು ಮಾತ್ರ ಬಿಡಬ್ಯಾಡ ಅನ್ನು. ಹುಲುಗ್ಯಾನ ಮಾಮ ಆಗಿ ಬರಲಿ."