ಶಾಲೆಗೆ ಹೆಣ್ಣು ಕೇಳಲು ಬಂದವರು

ಹೊಂಬಳದ ಹತ್ತಿರ, ಗದಗ ತಾಲ್ಲೂಕು
ಜೂನ್ ೧೬, ೨೦೨೪

ಪ್ರೀತಿಯ ಕಾಂಚನಾ,

ಮುಂಡರಗಿಯಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ತಿಂಗಳಾಯಿತು. ತಡಮಾಡಿದ್ದಕ್ಕೆ ಬೈಯುವುದಿದ್ದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ಅತ್ತೆಯವರ ಮೊಣಕಾಲು ಈಗ ಪರವಾಗಿಲ್ಲ. ಮಳೆ ಬಿದ್ದು ಹೆಸರು ಬಿತ್ತಿದ್ದಾರೆ. ಎರೆಮಣ್ಣು ಚಪ್ಪಲಿಗೆ ಅಂಟಿಕೊಂಡು ಪಡಸಾಲೆಯವರೆಗೂ ಬರುತ್ತದೆ.

ಮಗಳು ವಿಶ್ರುತಾಳನ್ನು ಎಂಟನೆಯ ತರಗತಿಗೆ ಎಲ್ಲಿ ಸೇರಿಸಿದಿರಿ ಎಂದು ನೀನು ಕೇಳಿದ್ದೆ. ಅದಕ್ಕೂ ಮೊದಲು ಇಲ್ಲಿ ನಡೆದದ್ದನ್ನು ಹೇಳಬೇಕು.

ಅವಳು ಕಲಿತ, ಅಗಸೆಬಾಗಿಲ ಪಕ್ಕದ ನಮ್ಮೂರ ಶಾಲೆ ಏಳನೆಯವರೆಗೆ ಮಾತ್ರ ಇತ್ತು. ಈ ವರ್ಷ ಎಂಟನೆಯ ತರಗತಿ ಮಂಜೂರಾಯಿತು. ಆದರೆ ಸಾಕಷ್ಟು ಮಕ್ಕಳು ಸೇರಿದರೆ ಮಾತ್ರ ಎಂಬ ಷರತ್ತು. ಅನುಕೂಲವಿದ್ದವರೆಲ್ಲ ಆಗಲೇ ಗದಗಿನ ಇಂಗ್ಲಿಷ್ ಶಾಲೆಗಳಲ್ಲಿ ಸೀಟು ಹಿಡಿದು, ವ್ಯಾನು ಗೊತ್ತುಮಾಡಿದ್ದರು. ಗಂಡುಮಕ್ಕಳು ಬಸ್ಸಿಗೆ ಜೋತುಬಿದ್ದಾದರೂ ಹೋಗುತ್ತಾರೆ. ಉಳಿದ ಹುಡುಗಿಯರನ್ನು ಅಷ್ಟು ದೂರ ಯಾರೂ ಕಳಿಸುವುದಿಲ್ಲ, ಅವರ ಓದು ಏಳಕ್ಕೇ ಮುಗಿಯುತ್ತದೆ. ಶಾಲೆಯ ಆಯ್ಕೆ ಎಂದರೆ ನಮ್ಮ ಮನೆಯೊಳಗಿನ ಮಾತು ಎಂದೇ ನಾನು ತಿಳಿದಿದ್ದೆ. ನಮ್ಮ ಆಯ್ಕೆ ಇನ್ನೊಬ್ಬರ ಬಾಗಿಲು ಮುಚ್ಚಬಹುದೆಂದು ಹೊಳೆದಿರಲೇ ಇಲ್ಲ.

ಹೊಳೆದದ್ದು ಗದಿಗೆವ್ವನಿಗೆ. ಅವಳ ಮೊಮ್ಮಗಳು ಸುಶ್ಮಿತಾ ಏಳನೆಯದರಲ್ಲಿ ವಿಶ್ರುತಾಳ ಪಕ್ಕವೇ ಕೂರುತ್ತಿದ್ದಳು. ತರಗತಿ ಶುರುವಾಗುವ ಮುಂಚಿನ ಶುಕ್ರವಾರ ಬೆಳಿಗ್ಗೆ ಗದಿಗೆವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಖಣ ತುಂಬಿದ ಬುಟ್ಟಿ ಹೊತ್ತು ಹೊರಟಳು. ಹೆಣ್ಣು ಕೇಳಲು ಹೋಗುವ ಹಾಗೆಯೇ. ಮೊದಲು ಹೋದದ್ದು ನಮ್ಮ ಪಕ್ಕದ ಚನ್ನಮ್ಮನ ಮನೆಗೆ. ಅವಳ ಮಗಳು ಅಂಕಿತಾಳಿಗೆ ಗದಗಿನ ಶಾಲೆಯ ಸಮವಸ್ತ್ರವೂ ಹೊಲಿದಾಗಿತ್ತು. ಚನ್ನಮ್ಮ ಗಾಬರಿಯಾಗಿ ಒಳಗೋಡಿ ನೈಟಿಯ ಮೇಲೇ ಸೀರೆ ಸುತ್ತಿಕೊಂಡು ಬಂದಳು. ಅವಳ ಗಂಡ ಕೊಟ್ರಪ್ಪನಿಗೆ ನಗು.

“ಯತ್ತೀ, ಹೆಣ್ಣು ಕೇಳಾಕ ಬಂದಿ, ವರ ಎಲ್ಲದಾನ?”

“ಅಗಸಿ ಬಾಜೂಕ ನಿಂತಾನಲ್ಲೋ. ಹಂಚು ಸೋರತಾವು, ಗ್ವಾಡಿ ಗಟ್ಟಿ ಅದಾವು. ನಿನ್ನಕಿಂತ ಚಲೋ ಅದಾನ.”

ಎಲ್ಲರೂ ನಕ್ಕರು. ಆಮೇಲೆ ಗದಿಗೆವ್ವ ಚನ್ನಮ್ಮನ ಸೆರಗಿಗೆ ಅಕ್ಕಿ ಸುರಿದು ಉಡಿ ತುಂಬುತ್ತ, ತಗ್ಗಿದ ದನಿಯಲ್ಲಿ ಹೇಳಿದಳು: “ನಿನ್ನ ಮಗಳಿಗೆ ಗಾಡಿ ಐತಿ. ನನ್ನ ಮೊಮ್ಮಗಳಿಗೆ ನಿನ್ನ ಮಗಳು ಅಷ್ಟ ಅದಾಳ. ಆಕಿ ಹ್ವಾದ್ರ ಇಕಿ ಸಾಲೀನೂ ಆಕಿ ಹಿಂದ ಹೊಕ್ಕೈತಿ.”

ಉಡಿಯಲ್ಲಿ ಬಿದ್ದದ್ದನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ. ಚನ್ನಮ್ಮ ಗಂಡನ ಮುಖ ನೋಡಿದಳು. ಕೊಟ್ರಪ್ಪ ನೆಲ ನೋಡಿದ.

ಇದು ಒಂದು ಬಗೆಯ ಒತ್ತಾಯವೇ ಎಂದು ನಮ್ಮ ಮನೆಯವರು, ರಾಮಚಂದ್ರ, ಅಂದರು. ಇರಬಹುದು. ಗದಗಿನ ಶಾಲೆಗಳು ಬಣ್ಣದ ಬ್ಯಾನರು ಕಟ್ಟಿ ಕರೆಯುವುದು ಏನು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕಾಂಚನಾ, ನಾವಿಬ್ಬರೂ ಓದಿದ ಶಾಲೆಯಲ್ಲಿ ಎಷ್ಟೊಂದು ಹೇಳಿಕೊಟ್ಟರು. ಸಮಾನತೆಯ ಮೇಲೆ ಪ್ರಬಂಧ ಬರೆದು ಬಹುಮಾನವನ್ನೂ ತಂದೆವು. ಇಡೀ ಊರಿನ ಮನಸ್ಸನ್ನು ಒಂದು ಬುಟ್ಟಿ ಹೊತ್ತು ತಿರುಗಿಸಬಹುದೆಂದು ನಾನೆಂದೂ ಯೋಚಿಸಿರಲಿಲ್ಲ. ಕೊನೆಯ ಮನೆಯಿಂದ ಅವರು ಬಿಸಿಲಲ್ಲಿ ತಿರುಗಿ ಬರುವಾಗ ಬುಟ್ಟಿ ಖಾಲಿಯಾಗಿತ್ತು. ಗದಿಗೆವ್ವ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದಳು, ನೆರಳಿಗೆ. ನಾನು ಕಣ್ಣು ಕೀಳದೆ ನೋಡುತ್ತ ನಿಂತೆ.

ಮಕ್ಕಳ ಲೆಕ್ಕ ತುಂಬಿ, ಕಳೆದ ಸೋಮವಾರ ಇಲ್ಲಿ ಎಂಟನೆಯ ತರಗತಿ ಶುರುವಾಯಿತು. ಸುಶ್ಮಿತಾ, ಅಂಕಿತಾ ಕೈ ಹಿಡಿದುಕೊಂಡು ನಮ್ಮ ಮನೆಯ ಮುಂದೆಯೇ ಹೋದರು.

ಮನೆಯವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ಯಾವ ಬಾಗಿಲು ತಟ್ಟಿದರೂ ಅದು ತೆರೆಯಲಿ.

ನಿನ್ನ
ಪದ್ಮಜಾ

ಮರೆತ ಮಾತು: ವಿಶ್ರುತಾಳನ್ನು ಗದಗಿಗೆ ಸೇರಿಸಿದ್ದೇವೆ. ಆ ಶುಕ್ರವಾರ, ಪಕ್ಕದ ಮನೆಯ ಮಾತು ಕೇಳಿದ ಮೇಲೆ ನಾನೂ ಒಳ್ಳೆಯ ಸೀರೆ ಉಟ್ಟು, ಚಾಪೆ ಹಾಸಿ, ಕುಂಕುಮದ ಬಟ್ಟಲು ಹೊರಗಿಟ್ಟಿದ್ದೆ. ಕೇಳಿದರೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಗದಿಗೆವ್ವ ನಮ್ಮ ಕಟ್ಟೆಯ ಮುಂದೆ ನಿಂತು, “ಆರಾಮ ಅದೀರಿ, ಬಾಯಾರ?” ಎಂದು ದೊಡ್ಡಮನೆಯವರನ್ನು ಮಾತಾಡಿಸುವ ಮರ್ಯಾದೆಯಲ್ಲಿ ನಕ್ಕು, ಮುಂದಿನ ಮನೆಗೆ ನಡೆದಳು. ಕೇಳದವರಿಗೆ ಯಾರಾದರೂ ಹೆಣ್ಣು ಕೊಡುತ್ತಾರೆಯೇ ಎಂದು ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹಿಂದೆ ವಿಶ್ರುತಾ ನಿಂತಿದ್ದು ಗೊತ್ತೇ ಆಗಲಿಲ್ಲ.

“ಅಮ್ಮಾ, ನನ್ನ ಯಾಕ ಕೇಳಲಿಲ್ಲ ಅವರು?”