ಅಕ್ಕಿ ಹೊತ್ತ ಹಡಗು

ಕೋಡಿ, ಕುಂದಾಪುರ
14-2-1998

ಪ್ರೀತಿಯ ಮಗ ಜಿತೇಂದ್ರನಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದಿ ಮಾರಾಯ? ಹಡಗು ಕೊಯ್ಯುವ ಗ್ಯಾಸಿನ ಕಿಡಿ ಹಾರಿ ಸುಟ್ಟ ಕೈ ವಾಸಿಯಾಯಿತೇ? ತೆಂಗಿನೆಣ್ಣೆ ಹಚ್ಚುತ್ತಿರಬೇಕು ಎಂದು ನಿನ್ನ ಅಮ್ಮ ಎರಡು ಸಲ ಹೇಳಿದ್ದಾಳೆ. ನಾವು ಸೌಖ್ಯ. ಈ ವಾರ ಚಟ್ಲಿ ಸೀಗಡಿ ಬೇಕಾದಷ್ಟು ಸಿಕ್ಕಿತು, ಒಣಗಿಸಿ ನಿನಗೆಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಾಳೆ.

ನಿನ್ನ ಕಾಗದ ಓದಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿಮ್ಮ ಗುಜರಾತಿನ ಅಲಂಗಿನ ದಡಕ್ಕೆ ನೌಕಾಪಡೆಯ ಹಳೇ ಹಡಗೊಂದು ಒಡೆಯಲು ಬಂದಿದೆ, ಹೆಸರಿನ ಮೇಲೆ ಬಣ್ಣ ಬಳಿದಿದ್ದಾರೆ, "ನಿಮ್ಮ ಯುದ್ಧದ ಹಡಗಲ್ಲಪ್ಪ, ಬರೀ ದಿನಸಿ ಹೊರುವ ಹಡಗು" ಎಂದು ಬರೆದಿದ್ದೀಯಲ್ಲ, ಅದರ ಚಿಮಣಿ ಹಿಂದಕ್ಕಿದೆಯೋ ನಡುವೆಯೋ? ಎಡಮಗ್ಗುಲಲ್ಲಿ ಕ್ರೇನು ಎರಡೋ ಮೂರೋ? ಅಡುಗೆಕೋಣೆಯ ಕೆಳಗೆ ಅಕ್ಕಿಕೋಣೆ ಇರಬೇಕು. ಅದರ ಬಾಗಿಲ ಹಿಂದೆ ಉಳಿಯಲ್ಲಿ ಕೆತ್ತಿದ ಬಂಗುಡೆ ಮೀನೊಂದು ಇದೆಯಾ ನೋಡು. ಬಾಲ ಸ್ವಲ್ಪ ಸೊಟ್ಟ. ಕೆತ್ತಿದವ ನಾನೇ.

ಹೌದು ಮಗಾ. ಎಪ್ಪತ್ತೊಂದರ ಯುದ್ಧದಲ್ಲಿ ಫಿರಂಗಿ ಹೊಡೆದೆ ಎಂದು ನಿನಗೂ ಕೇರಿಗೂ ಹೇಳಿದ್ದೆಲ್ಲ ಬುರುಡೆ. ಪಕ್ಕದ ಮನೆ ದುಗ್ಗಪ್ಪ ಎಷ್ಟು ಜನರನ್ನು ಹೊಡೆದೆ ಎಂದು ಕೇಳಿದಾಗ, ಅಕ್ಕಿ ಅಳೆಯುತ್ತಿದ್ದೆ ಎನ್ನಲು ಬಾಯಿ ಬರಲಿಲ್ಲ. ಆ ಒಂದು ಸುಳ್ಳನ್ನು ಇಪ್ಪತ್ತಾರು ವರ್ಷ ಸಾಕಿದೆ. ಆದರೆ ನಮ್ಮ ಹಡಗೇನು ಸಾಮಾನ್ಯದ್ದೇ? ನಡುಗಡಲಲ್ಲಿ ಯುದ್ಧನೌಕೆಯ ಪಕ್ಕದಲ್ಲೇ ಸರಿಸಮ ಓಡುತ್ತ, ಮಧ್ಯೆ ಹಗ್ಗ ಬಿಗಿದು ಬೇಳೆ, ಬಟಾಟೆ, ಎಣ್ಣೆ, ಮನೆಯಿಂದ ಬಂದ ಕಾಗದ ಎಲ್ಲ ದಾಟಿಸುತ್ತಿದ್ದೆವು. ಆಮೇಲೆ ಚಂಡಮಾರುತ ಬಡಿದ ಊರುಗಳಿಗೂ ಅದೇ ಹಡಗು ಕುಡಿಯುವ ನೀರು ಹೊತ್ತಿತು. ನಾನು ಇಳಿದ ಮೇಲೆ ಎಲ್ಲೆಲ್ಲಿಗೆ ಹೋಯಿತೋ, ಯಾರ್ಯಾರ ಹೊಟ್ಟೆ ತುಂಬಿಸಿತೋ! ಹಡಗಿನೊಳಗೆ ಹಳೇ ಪುಸ್ತಕ, ನಕ್ಷೆ ಏನಾದರೂ ಸಿಕ್ಕಿದರೆ ಓದಿ ತಿಳಿಸು. ನಿನ್ನೆ ನಿನ್ನ ಅಮ್ಮ ವನಜಳಿಗೂ ನಿಜ ಹೇಳಿಬಿಟ್ಟೆ. ಅವಳು ನಕ್ಕಳು. "ಅನ್ನ ಇಲ್ದೆ ಯಾರ್ ಗುಂಡ್ ಹೊಡಿತ್ರ್? ಇದ್ರಗೆ ಎಂತ ನಾಚ್ಕಿ?" ಎಂದಳು. ನನ್ನ ಎದೆ ಹಗುರವಾಯಿತು. ದುಗ್ಗಪ್ಪನಿಗೆ ಮಾತ್ರ ನಾನೇ ನಿಧಾನಕ್ಕೆ ಹೇಳುತ್ತೇನೆ, ನೀನು ಬಾಯಿ ಬಿಡಬೇಡ.

ಎತ್ತರದಲ್ಲಿ ಕೆಲಸ ಮಾಡುವಾಗ ಮೈಮೇಲೆ ಗಮನವಿರಲಿ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇತಿ ನಿನ್ನ ಅಪ್ಪ,
ಸೋಮ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಹಳೇ ದೋಣಿ ಒಡೆಯುವಾಗ ಮೊದಲ ಏಟು ಮನೆಯವನದೇ ಆಗಬೇಕು, ಪರರ ಕೈ ಮೊದಲು ತಾಗಬಾರದು, ಇದು ನಮ್ಮ ಮನೆಯ ಕ್ರಮ. ಅದು ನನ್ನ ಹಡಗೇ ಆಗಿದ್ದರೆ, ನಿಮ್ಮ ಮೇಸ್ತ್ರಿ ಮುಕಾದಮನ ಕೈಕಾಲು ಹಿಡಿದಾದರೂ ಮುಂಭಾಗಕ್ಕೊಂದು ಕಾಯಿ ಒಡೆದು, ಕೊಯ್ಯುವ ಮೊದಲ ಗ್ಯಾಸು ನೀನೇ ಹಿಡಿ. ಕೇಳಿದ್ದಕ್ಕೆಲ್ಲ ಉತ್ತರ ಬರೆ. ಆಗಲೇ ಬೇರೆಯವರು ಕೊಯ್ದು ಆಗಿದ್ದರೆ, ಅದೊಂದನ್ನು ಮಾತ್ರ ನನಗೆ ಬರೆಯಬೇಡ.