ಮಿನೊರುವಿನ ದನಿ

ವೆಸ್ಟ್ ಮಾಂಬಲಂ, ಚೆನ್ನೈ
೧೪ ಸೆಪ್ಟೆಂಬರ್ ೨೦೨೫

ನನ್ನ ಅಕ್ಷಯಾ,

ನಿನಗೂ ಕೂಸಿಗೂ ಅಮ್ಮನ ಆಶೀರ್ವಾದ. ವರುಣ್ ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಕೂಸು ಆಗಲೇ ಮಗುಚಿಕೊಳ್ಳಲು ನೋಡುತ್ತಿದೆಯಂತೆ. ಹುಬ್ಬು ಗಂಟಿಕ್ಕುವುದರಲ್ಲಿ ನಿನ್ನನ್ನೇ ಹೋಲುತ್ತಾಳೆ. ನೆತ್ತಿಗೆ ಎಣ್ಣೆ ಹಾಕುವುದನ್ನು ಮಾತ್ರ ಬಿಡಬೇಡ.

ಕನ್ನಡ ಓದುವುದು ನಿನಗೆ ನಿಧಾನ, ನನಗೆ ಗೊತ್ತು. ಇಲ್ಲಿನ ಶಾಲೆಯಲ್ಲಿ ಕಲಿತವಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಟ್ಟು ಬೆಳೆದವಳು. ಆದರೂ ಇದನ್ನು ಗಂಡನ ಕೈಲಿ ಓದಿಸಬೇಡ. ಕೂಸು ಮಲಗಿರುವಾಗ ಒಬ್ಬಳೇ ಕುಳಿತು ಓದು. ಫೋನಿನಲ್ಲೇ ಬರೆಯಬಹುದಿತ್ತು. ಬರೆದರೆ ನೀನು ಎರಡನೇ ಸಾಲಿಗೇ ತಿರುಗಿ ಏನಾದರೂ ಕೇಳುತ್ತೀ, ನಾನು ಅಲ್ಲಿಗೇ ಹೆದರಿ ನಿಲ್ಲಿಸಿಬಿಡುತ್ತೇನೆ.

ನಿನಗೆ ನನ್ನ ಮೇಲೆ ಕೋಪವಿದೆ. ಇರಬೇಕಾದ್ದೇ. ಹೆಣ್ಣುಮಕ್ಕಳ ಮೊದಲ ಬಾಣಂತನ ತಾಯಿಯದು. ಡಾಕ್ಟರು ನಿನ್ನನ್ನು ಹಾಸಿಗೆ ಬಿಟ್ಟು ಏಳಬಾರದು ಎಂದದ್ದರಿಂದ ನಾನೇ ಮೈಸೂರಿಗೆ ಬರುವುದು ಎಂದು ಮಾತಾಗಿತ್ತು. ನಾನು ಬರಲಿಲ್ಲ. ಡಬ್ಬಿಂಗ್ ಕೆಲಸ, ಬಿಡುವಿಲ್ಲ ಎಂದು ನಿನ್ನ ಅಪ್ಪನ ಕೈಲಿ ಹೇಳಿಸಿದೆ. ನಿನ್ನ ಅತ್ತೆ ಲೀಲಮ್ಮನವರು ಎಣ್ಣೆ, ನೀರು, ಪಥ್ಯ ಎಲ್ಲ ನೋಡಿಕೊಂಡರು. ನಾಮಕರಣಕ್ಕೂ ಅಪ್ಪ ಒಬ್ಬರೇ ಬಂದು ಹೋದರು. ಆ ದಿನ ನೀನು ನನಗೊಂದು ಮೆಸೇಜ್ ಹಾಕಿದೆ: ಕಾರ್ಟೂನ್ ಮುಗಿದ ಮೇಲೆ ಪುರುಸೊತ್ತಾದರೆ ಬಾ ಅಂತ. ಆಮೇಲೆ ನಿನ್ನಿಂದ ಒಂದು ಮಾತೂ ಇಲ್ಲ.

ಅಷ್ಟು ಹೊತ್ತಿಗೆ ಕಾರ್ಟೂನ್ ಮುಗಿದು ತಿಂಗಳ ಮೇಲಾಗಿತ್ತು.

ಅದು ಎಂಥ ಕಾರ್ಟೂನ್ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಜಪಾನಿನದು, ನಾನು ಹುಟ್ಟಿದ ಕಾಲದ್ದು. ಕನ್ನಡದಲ್ಲಿ ‘ಮಹಾಬಲ ಹಗಾನೆ’ ಎಂದು ಹೆಸರಿಟ್ಟರು. ಬೂದಿಗ್ರಹ ಎಂಬ ಸತ್ತ ಗ್ರಹದವರಿಗೆ ಇರಲು ನೆಲ ಬೇಕಾಗಿ ಭೂಮಿಯ ಮೇಲೆ ಬೀಳುತ್ತಾರೆ. ಕಂತಿಗೊಂದು ದೈತ್ಯ ಆಕಾಶದಿಂದ ಇಳಿದು ಸಮುದ್ರದ ದಡದ ಊರನ್ನು ತುಳಿಯುತ್ತದೆ. ಅದನ್ನು ಎದುರಿಸಲು ಇರುವುದು ಹಗಾನೆ ಒಂದೇ, ಗೋಪುರದೆತ್ತರದ ಉಕ್ಕಿನ ರೋಬೋಟ್. ಅದರ ತಲೆಯೊಳಗೆ ಕುಳಿತು ನಡೆಸುವ ಹುಡುಗನ ಹೆಸರು ಮಿನೊರು. ಮಿನೊರು ನಾನು.

ಸಾಲಿಗ್ರಾಮಂ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿಸುವ ಸುಕೇಶ್ ನಿನಗೆ ನೆನಪಿರಬಹುದು, ಮಂಗಳೂರಿನವರು. ಹುಡುಗರ ಪಾತ್ರಕ್ಕೆ ಹೆಂಗಸರ ದನಿಯೇ ಬೇಕು ಎಂದು ಹೋದ ಮಳೆಗಾಲದಲ್ಲಿ ನನ್ನನ್ನು ಕರೆದರು. ಮದುವೆಯಾಗಿ ಕುಂದಾಪುರದಿಂದ ಇಲ್ಲಿಗೆ ಬಂದ ಹೊಸದರಲ್ಲಿ ನಾನು ಕನ್ನಡ ಬಾರದ ನಾಯಕಿಯರಿಗೆಲ್ಲ ದನಿ ಕೊಡುತ್ತಿದ್ದೆ. ಆ ಕೆಲಸ ಬೆಂಗಳೂರಿಗೆ ಹೋದ ಮೇಲೆ ಎಷ್ಟೋ ವರ್ಷ ನನ್ನನ್ನು ಕೇಳುವವರಿರಲಿಲ್ಲ. ಹಾಗಾಗಿ ಮಿನೊರು ಸಿಕ್ಕಾಗ ಎಷ್ಟು ಖುಷಿಯಾಯಿತೆಂದರೆ, ಶೇರ್ ಆಟೋದಲ್ಲಿ ಪಕ್ಕದವರು ತಿರುಗಿ ನೋಡುವ ಹಾಗೆ ಅವನ ಮಾತುಗಳನ್ನು ಹೇಳಿಕೊಳ್ಳುತ್ತ ಹೋಗುತ್ತಿದ್ದೆ.

ಅವನು ಒಳ್ಳೆಯ ಹುಡುಗ, ಅಕ್ಷಯಾ. ಹೊಡೆದಾಟ ಅವನಿಗೆ ಇಷ್ಟವಿಲ್ಲ. ಒಂದು ಕಂತಿನಲ್ಲಿ ಅವನು ಕೊಂದ ದೈತ್ಯ ಸಮುದ್ರದ ದಡದಲ್ಲಿ ಬಿದ್ದಿರುತ್ತದೆ. ಹತ್ತಿರ ಹೋಗಿ ಅದರ ಮುಷ್ಟಿ ಬಿಡಿಸಿ ನೋಡಿದರೆ ಒಳಗೆ ಬರೀ ಮಣ್ಣು. ತನ್ನ ಗ್ರಹಕ್ಕೆ ಒಯ್ಯಲೆಂದು ಒಂದು ಹಿಡಿ ಮಣ್ಣು ತೆಗೆದುಕೊಂಡಿರುತ್ತದೆ. ಮಿನೊರು ಅಲ್ಲೇ ಕುಳಿತು ಅಳುತ್ತಾನೆ. ಆ ಅಳುವನ್ನು ನಾನು ಒಂದೇ ಟೇಕಿನಲ್ಲಿ ಮುಗಿಸಿದೆ. ಗಾಜಿನ ಆಚೆ ಸುಕೇಶ್ ಕನ್ನಡಕ ತೆಗೆದು ಒರೆಸಿಕೊಂಡರು.

ಮಾರ್ಚಿನಲ್ಲಿ ನನ್ನ ದನಿ ಕಟ್ಟಿತು. ಬಿಸಿಲಿಗೆ ತಣ್ಣೀರು ಕುಡಿದದ್ದು ಎಂದುಕೊಂಡೆ. ಶುಂಠಿ ಕಷಾಯ, ಉಪ್ಪುನೀರು ಎಲ್ಲ ಆಯಿತು. ಎಂಜಲು ನುಂಗಿದರೂ ನೋಯತೊಡಗಿದಾಗ ಅಪ್ಪ ಬೈದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೊಳವೆ ಹಾಕಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗಂಟಲಿನ ಕ್ಯಾನ್ಸರ್.

ಬರೆದುಬಿಟ್ಟೆ. ಈಗ ಒಂದು ಲೋಟ ನೀರು ಕುಡಿ. ಆಪರೇಷನ್ ಆಗಿದೆ, ನಾನು ಬದುಕಿದ್ದೇನೆ, ಮೆತ್ತಗೆ ಮಾಡಿದ ಅನ್ನ ಉಣ್ಣುತ್ತೇನೆ, ಈ ಪತ್ರವನ್ನು ನನ್ನ ಕೈಯಾರೆ ಬರೆಯುತ್ತಿದ್ದೇನೆ. ಹೋದ ವಾರದ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿದೆ ಎಂದಿದ್ದಾರೆ. ಅಷ್ಟನ್ನು ಮೊದಲು ಮನಸ್ಸಿಗೆ ತಂದುಕೊಂಡು ಮುಂದೆ ಓದು.

ನಿನಗೇಕೆ ಹೇಳಲಿಲ್ಲ ಎಂದರೆ, ಆ ಹಿಂದಿನ ವರ್ಷ ನಿನ್ನ ಹೊಟ್ಟೆಯಲ್ಲಿದ್ದದ್ದು ಹೋದಾಗ ನೀನು ಹೇಗಿದ್ದೆ ಎಂದು ಕಣ್ಣಾರೆ ನೋಡಿದವಳು ನಾನು. ಈ ಸಲವೂ ನೀನು ಹಾಸಿಗೆ ಹಿಡಿದು ಮಲಗಿದ್ದೆ. ನನ್ನ ಸುದ್ದಿ ಕೇಳಿ ನೀನು ಎದ್ದು ರೈಲು ಹತ್ತುತ್ತಿದ್ದೆ. ವರುಣ್‌ಗೆ ಅಪ್ಪ ಹೇಳಿದ್ದರು. ಹೆರಿಗೆಯಾಗುವವರೆಗೆ ನಿನಗೆ ತಿಳಿಯಬಾರದು ಎಂದು ಅವನ ಹತ್ತಿರ ಮಾತು ತೆಗೆದುಕೊಂಡದ್ದು ನಾನು. ನೀನು ನನ್ನನ್ನು ಬೈದಾಗೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದನಂತೆ. ಅವನ ಮೇಲೆ ಸಿಟ್ಟು ಮಾಡಬೇಡ. ಹೆರಿಗೆಯಾದ ಮೇಲಾದರೂ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಬಾಣಂತಿ ಅಳಬಾರದು ಎಂದುಕೊಂಡೆ. ಆಮೇಲೆ ನಾಳೆ ಬರೆಯೋಣ, ನಾಳೆ ಬರೆಯೋಣ ಎಂದು ಇಷ್ಟು ದಿನವಾಯಿತು.

ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಲೇಬೇಕು ಎಂದರು ಡಾಕ್ಟರಮ್ಮ. ತಮಿಳಿನವರು, ನನಗಿಂತ ಚಿಕ್ಕವರು. ನಾನು ಕೇಳಿದ್ದು ಒಂದೇ ಪ್ರಶ್ನೆ. ಆಪರೇಷನ್ನಿನ ದಿನದವರೆಗೆ ಮಾತಾಡಬಹುದೇ, ಅದರಿಂದ ಕಾಯಿಲೆ ಹೆಚ್ಚಾಗುತ್ತದೆಯೇ ಎಂದು. ಅವರು ನನ್ನ ಕೈ ಹಿಡಿದುಕೊಂಡು “ಪೇಸಿನಾಲುಂ ಒಣ್ಣುದಾನ್, ಪೇಸಾಟ್ಟಾಲುಂ ಒಣ್ಣುದಾನ್ ಮಾ” ಎಂದರು. ಮಾತಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಮಿನೊರುವಿನ ಕೊನೆಯ ಕೆಲವು ಕಂತುಗಳು ಉಳಿದಿದ್ದವು. ಆಪರೇಷನ್ನಿಗೆ ಹದಿನೈದು ದಿನವಿತ್ತು. ಮುಗಿಸುತ್ತೇನೆ ಎಂದೆ. ಅಪ್ಪ ಆಸ್ಪತ್ರೆಯ ಎದುರಿನ ಬಸ್‌ಸ್ಟಾಪಿನಲ್ಲೇ ನಿಂತುಬಿಟ್ಟರು.

“ಕಾರ್ಟೂನಿಗೆ ಯಾರಾದ್ರೂ ಮಾತಾಡ್ತಾರೆ ಮಾರಾಯ್ತಿ,” ಎಂದರು. “ಆ ದನಿ ಇರುವಷ್ಟು ದಿನ ಮನೆಯಲ್ಲಿ ನನ್ನ ಹತ್ರ ಮಾತಾಡು.”

ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಹಾಗೆ ಏನನ್ನೂ ಕೇಳಿದವರಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತು ದಿನವಿಡೀ ಗಿರಾಕಿಗಳ ಹತ್ತಿರ ಮಾತಾಡಿ ಮನೆಗೆ ಬಂದರೆ ಸುಮ್ಮನಿರುವವರು. ಆದರೂ ಮಾರನೆಯ ದಿನ ಅವರೇ ಹೋಟೆಲಿಗೆ ರಜೆ ಹಾಕಿ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಸಿ ಆಟೋ ಕರೆದರು. ಅಂದಿನಿಂದ ದಿನವೂ ಸ್ಟುಡಿಯೋದ ಹೊರಗಿನ ಬೆಂಚಿನ ಮೇಲೆ ಕಾದು ಕುಳಿತಿರುತ್ತಿದ್ದರು. ಆಟೋದಲ್ಲಿ ಹೋಗುವಾಗ ಬರುವಾಗ ಮಾತಾಡಿದೆವು. ನಿನ್ನ ವಿಷಯವೇ ಹೆಚ್ಚು.

ಆ ದಿನಗಳಲ್ಲೇ ಒಮ್ಮೆ ನಾನು ನಿನಗೆ ಫೋನ್ ಮಾಡಿದ್ದು ನೆನಪಿದೆಯೇ? ನನ್ನ ಮಾಮೂಲಿ ದನಿ ಪೂರ್ತಿ ಒಡೆದಿತ್ತು. ಆದರೆ ಮಿನೊರುವಿನ ದನಿಯನ್ನು ನಾನು ಮೇಲಿನಿಂದ ತೆಳ್ಳಗೆ ತೆಗೆಯುತ್ತಿದ್ದೆ, ಅದಿನ್ನೂ ಸ್ವಲ್ಪ ಹಿಡಿಯುತ್ತಿತ್ತು. ಅದರಲ್ಲೇ ನಿನ್ನನ್ನು ಮಾತಾಡಿಸಿದೆ. ಮೊದಲು ನೀನು ನಕ್ಕೆ. ಹೊಟ್ಟೆಯಲ್ಲಿರುವುದು ಒದೆಯುತ್ತಿದೆ ಎಂದೆ. ಆಮೇಲೆ, ನನಗೆ ಹೆದರಿಕೆಯಾಗುತ್ತಿದೆ, ನೀನು ಯಾವಾಗ ಬರುತ್ತೀ ಎಂದು ಕೇಳಿದೆ. ನಾನು ಅದೇ ಹುಡುಗನ ದನಿಯಲ್ಲಿ, ಹೆದರಬೇಡ, ಹಗಾನೆಯನ್ನು ಕಳಿಸುತ್ತೇನೆ ಎಂದೆ.

“ಅಮ್ಮಾ, ವಿಳೈಯಾಡಾದೆ. ಸರಿಯಾಗಿ ಮಾತಾಡು,” ಎಂದೆ ನೀನು.

ಆಟವಾಡುತ್ತಿದ್ದೇನೆ ಎಂದುಕೊಂಡೆಯಲ್ಲ. ಫೋನ್ ಇಟ್ಟೆ ನೀನು. ನಾನು ಅದನ್ನು ಕಿವಿಯಿಂದ ತೆಗೆಯದೆ ತುಂಬ ಹೊತ್ತು ಹಾಗೇ ನಿಂತಿದ್ದೆ. ಅದಾದ ಮೇಲೆ ನಿನ್ನ ಫೋನ್ ಬಂದಾಗಲೆಲ್ಲ ಅಪ್ಪನ ಕೈಗೆ ಕೊಟ್ಟೆ.

ಕೊನೆಯ ಕಂತಿನಲ್ಲಿ ಬೂದಿಗ್ರಹದವರ ದೊಡ್ಡ ಹಡಗು ಊರಿನ ಮೇಲೆ ಇಳಿಯುತ್ತದೆ. ಮಿನೊರು ಹಗಾನೆಯಿಂದ ಅದನ್ನು ಆಕಾಶಕ್ಕೆ ತಳ್ಳಿಕೊಂಡು ಹೋಗುತ್ತಾನೆ. ರೇಡಿಯೋ ಕೆಟ್ಟಿರುತ್ತದೆ. ಕೆಳಗಿರುವವರಿಗೆ ಅವನ ಮಾತು ಕೇಳಿಸುವುದಿಲ್ಲ, ಅವನಿಗೆ ಅದು ಗೊತ್ತು, ಆದರೂ ಒಂದೇ ಸಮ ಮಾತಾಡುತ್ತಲೇ ಇರುತ್ತಾನೆ. ಉದ್ದನೆಯ ಮಾತು. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ದನಿ ಒಡೆದು ಬರೀ ಗಾಳಿ ಬಂತು.

ಸುಕೇಶ್ ಒಳಗೆ ಬಂದರು. ನೆಗಡಿ ಎಂದೇ ಅವರಿಗೂ ಹೇಳಿದ್ದೆ. ಅಂದು ನಿಜ ಹೇಳಿದೆ. ಅವರು ನೆಲದ ಮೇಲೆಯೇ ಕುಳಿತುಬಿಟ್ಟರು. ಈ ಒಡೆದ ದನಿಯೇ ಇರಲಿ ಅಕ್ಕ, ಈ ದೃಶ್ಯಕ್ಕೆ ಇದೇ ಸರಿ, ನೋಡಿದವರೆಲ್ಲ ಅಳುತ್ತಾರೆ ಎಂದರು.

ನಾನು ಒಪ್ಪಲಿಲ್ಲ. ಕಾಯಿಲೆ ನನಗೆ, ಆ ಹುಡುಗನಿಗಲ್ಲ. ಅವನ ಗಂಟಲು ಚೆನ್ನಾಗಿಯೇ ಇದೆ. ಹೊರಗೆ ಹೋಗಿ ಅಪ್ಪನ ಪಕ್ಕ ಕುಳಿತು ಬಿಸಿನೀರು ಕುಡಿದೆ. ಅವರು ಬೆನ್ನು ಸವರಿದರು. ಮತ್ತೆ ಒಳಗೆ ಹೋಗಿ ನಿಂತೆ. ಎರಡನೇ ಸಲವೂ ಆಗಲಿಲ್ಲ. ಆಮೇಲಿನ ಸಲ ಮೊದಲಿನಿಂದ ಕೊನೆಯವರೆಗೆ ಎಲ್ಲೂ ಒಡೆಯದೆ ಬಂತು. ಗಂಟಲಿನಲ್ಲಿ ಗಾಜು ಆಡಿಸಿದ ಹಾಗಾಗುತ್ತಿತ್ತು. ಮುಖದ ಮೇಲೆ ನೀರು ಸುರಿಯುತ್ತಿತ್ತು, ದನಿಯಲ್ಲಿ ಮಾತ್ರ ಅದನ್ನು ಬರಗೊಡಲಿಲ್ಲ.

ಹಗಾನೆ ಆಕಾಶದಲ್ಲೇ ಸುಟ್ಟುಹೋಗುತ್ತದೆ. ಹುಡುಗ ಹೇಗೋ ಸಮುದ್ರಕ್ಕೆ ಬಿದ್ದು, ಬದುಕಿ, ಒದ್ದೆ ಬಟ್ಟೆಯಲ್ಲೇ ನಡೆದು ಮನೆಯ ಬಾಗಿಲಿಗೆ ಬರುತ್ತಾನೆ. “ಅಮ್ಮಾ, ಬಂದೆ” ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ಆಪರೇಷನ್ನಿನ ವಿಷಯ ಹೆಚ್ಚು ಬರೆಯುವುದಿಲ್ಲ. ಕುತ್ತಿಗೆಯ ಬುಡದಲ್ಲಿ ಒಂದು ತೂತು ಇದೆ, ಉಸಿರಾಟ ಅದರಲ್ಲೇ. ತೆಳುವಾದ ಹತ್ತಿಬಟ್ಟೆ ಕಟ್ಟಿಕೊಂಡಿರುತ್ತೇನೆ. ನೀನು ಹೆತ್ತ ಸುದ್ದಿ ಬಂದಾಗ ನಾನು ಆಸ್ಪತ್ರೆಯಿಂದ ಮನೆಗೆ ಬಂದು ಕೆಲವೇ ದಿನವಾಗಿತ್ತು. ಅಪ್ಪ ಫೋನ್ ಹಿಡಿದು ಓಡಿಬಂದು ಹೆಣ್ಣುಕೂಸು ಎಂದರು. ನಕ್ಕೆ, ಸದ್ದು ಬರಲಿಲ್ಲ. ಅಳು ಬಂತು, ಅದಕ್ಕೂ ಸದ್ದಿಲ್ಲ. ಅಪ್ಪ ನನ್ನ ಮುಖ ನೋಡಲಾರದೆ ಮಕ್ಕಳು ಬರೆಯುವ ಸ್ಲೇಟು ತಂದು ಕೈಗೆ ಕೊಟ್ಟರು.

ಕಾರ್ಟೂನ್ ಹೋದ ತಿಂಗಳಿನಿಂದ ಬರುತ್ತಿದೆ. ಅಪ್ಪ ಅದನ್ನು ನನ್ನೆದುರು ನೋಡುವುದಿಲ್ಲ. ಮೊನ್ನೆ ಬೆಳಿಗ್ಗೆ ಅಡುಗೆಮನೆಗೆ ಹೋದೆ. ಅವರು ಒಲೆಯ ಮುಂದೆ ನನಗೆ ಬೆನ್ನು ಹಾಕಿ, ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಿದ್ದರು. ಹಾಲು ಉಕ್ಕಿ ಹರಿಯುತ್ತಿತ್ತು. ಕರೆಯಲು ನನಗೆ ದನಿಯಿಲ್ಲ, ಚಪ್ಪಾಳೆ ತಟ್ಟಿದೆ. ಬೆಚ್ಚಿ ತಿರುಗಿದರು. ಫೋನಿನಿಂದ ಮಿನೊರು ಕೂಗುವುದು ಕೇಳುತ್ತಿತ್ತು.

“ಎಂತ ಇಲ್ಲ,” ಎಂದರು. “ಸುಮ್ಮನೆ ಕೇಳ್ತಾ ಇದ್ದೆ.”

ಇನ್ನೊಂದು ವಿಷಯ. ಕುತ್ತಿಗೆಗೆ ಒತ್ತಿ ಹಿಡಿದರೆ ಮಾತು ಹೊರಡುವ ಒಂದು ಯಂತ್ರ ಕೊಟ್ಟಿದ್ದಾರೆ. ಏರಿಳಿತವಿಲ್ಲದ ಒಂದೇ ಸ್ವರ, ಕಬ್ಬಿಣದ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ. ಹಗಾನೆ ಕಥೆಯಲ್ಲಿ ಎಲ್ಲೂ ಮಾತಾಡುವುದಿಲ್ಲ. ಆಡಿದ್ದರೆ ಹೀಗೇ ಆಡುತ್ತಿತ್ತೇನೋ. ಮೊದಲ ದಿನ ಅದರಲ್ಲಿ ಅಪ್ಪನ ಹೆಸರು ಹೇಳಿದೆ, ಕೃಷ್ಣರಾಜ ಎಂದು. ಮದುವೆಯಾದಾಗಿನಿಂದ ಹೆಸರು ಹಿಡಿದು ಕರೆದವಳಲ್ಲ, ನಗಲಿ ಎಂದು ಕರೆದೆ. ನಗಲಿಲ್ಲ. ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುತ್ತ ನಿಂತರು. ಈಗೀಗ ಅಭ್ಯಾಸವಾಗಿದೆ.

ನಾನು ಮೈಸೂರಿಗೆ ಬರಬೇಕು ಅಕ್ಷಯಾ. ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳಬೇಕು. ಯಂತ್ರದ ಸದ್ದಿಗೆ ಅವಳು ಹೆದರುತ್ತಾಳೆ ಎಂದಾದರೆ ಅದನ್ನು ಚೀಲದಿಂದ ತೆಗೆಯುವುದಿಲ್ಲ. ಸುಮ್ಮನೆ ನೋಡಿಕೊಂಡು ಇರುತ್ತೇನೆ. ನಿನ್ನ ಕೋಪ ಇಳಿಯದಿದ್ದರೂ ಬರುತ್ತೇನೆ. ಯಾವಾಗ ಬರಲಿ ಎಂದು ಒಂದು ಸಾಲು ಬರೆ. ತಮಿಳಿನಲ್ಲಿ ಬರೆದರೂ ಆಯಿತು.

ಇತಿ, ನಿನ್ನನ್ನು ನೋಡಲು ಕಾಯುತ್ತಿರುವ
ಅಮ್ಮ,
ಸರಸ

ತಾ.ಕ.: ಲಕೋಟೆಯಲ್ಲಿ ಒಂದು ಪೆನ್‌ಡ್ರೈವ್ ಇದೆ. ಕೊನೆಯ ದಿನ ಕೆಲಸ ಮುಗಿದ ಮೇಲೆ ಸುಕೇಶ್ ಮೈಕ್ ಆರಿಸಲಿಲ್ಲ. ನಿಮ್ಮ ದನಿಯಲ್ಲೇ ಮಗಳಿಗೆ ಏನಾದರೂ ಹೇಳಿ ಅಕ್ಕ ಎಂದು ಬಾಗಿಲು ಎಳೆದುಕೊಂಡು ಹೋದರು. ಜೀವಮಾನವೆಲ್ಲ ಯಾರೋ ಬರೆದುಕೊಟ್ಟ ಮಾತು ಆಡಿದವಳು ನಾನು. ಎದುರಿಗೆ ಕಾಗದವಿಲ್ಲ, ಪರದೆಯ ಮೇಲೆ ಅಲುಗುವ ತುಟಿಯಿಲ್ಲ, ಏನೂ ಹೊಳೆಯಲಿಲ್ಲ. ಮೊದಲು ಬಹಳ ಹೊತ್ತು ಉಸಿರಷ್ಟೇ ಕೇಳುತ್ತದೆ. ಆಮೇಲೆ ಒಮ್ಮೆ ನಿನ್ನ ಹೆಸರು ಕರೆದಿದ್ದೇನೆ. ಅದಾದ ಮೇಲೆ, “ಸಾಕು ಸುಕೇಶ್, ಆರಿಸಿ, ದೋಸೆಗೆ ಅಕ್ಕಿ ನೆನೆಹಾಕಿ ಬಂದಿದ್ದೇನೆ, ರುಬ್ಲಿಕ್ಕುಂಟು” ಎಂದಿದ್ದೇನೆ. ಅಷ್ಟೇ ಇರುವುದು. ಅಕ್ಕಿ ನೆನೆಹಾಕಿರಲಿಲ್ಲ.